ತಿಂಗಳಿಗೆ ಐದು ಗುಳಿಗೆ

“ತಿಂಗಳ ನಡುವೆ ಮೂರು ನಾಲ್ಕು ದಿನ, ಮೊಟ್ಟೆಯ ಬಿಳಿ ಥರ ಜಾರೋದು, ಎಳೆ ಎಳೆಯಾಗಿ ಬರೋದು ಏನಾದ್ರೂ ಕಾಣುತ್ತಾ?”

ಡಾಕ್ಟರಮ್ಮ ಕೇಳಿದ್ದು ತಂಗಿಯನ್ನು. ಬೆಚ್ಚಿ ತಲೆ ಎತ್ತಿದ್ದು ಪಕ್ಕದ ಕುರ್ಚಿಯಲ್ಲಿದ್ದ ಅಕ್ಕ. ತಂಗಿಗೆ ಮದುವೆಯಾಗಿ ಆರು ವರ್ಷ, ವಯಸ್ಸು ಮೂವತ್ನಾಲ್ಕು, ಇನ್ನೂ ಮಡಿಲು ತುಂಬಿಲ್ಲ. ಬೇಕರಿಯಲ್ಲಿ ದಿನಕ್ಕೆ ಇನ್ನೂರು ಮೊಟ್ಟೆ ಒಡೆದು ಬಿಳಿಯನ್ನೂ ಹಳದಿಯನ್ನೂ ಬೇರೆ ಮಾಡುವ ಅವಳಿಗೆ ಡಾಕ್ಟರಮ್ಮ ಹೇಳಿದ್ದು ತಟ್ಟನೆ ತಿಳಿಯಿತು.

“ಬರುತ್ತೆ ಡಾಕ್ಟ್ರೇ, ನಿನ್ನೆಯಿಂದ ಶುರುವಾಗಿದೆ. ಆದ್ರೆ ಅದಕ್ಕೆ ಔಷಧಿ ತಗೋತೀನಿ, ತಿಂಗಳಿಗೆ ಐದು ಗುಳಿಗೆ. ಮುಗಿಯೋ ತನಕ ಬೇರೆ ಕೋಣೇಲಿ ಮಲಗ್ತೀನಿ. ಅವರಿಗೂ ಅಂಟಿಬಿಟ್ರೆ ಕಷ್ಟ ಅಲ್ವಾ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೈಯಲಿಲ್ಲ, ನಗಲೂ ಇಲ್ಲ. ಅದು ಕಾಯಿಲೆಯಲ್ಲ, ಮೈ ಸರಿಯಾಗಿ ಕೆಲಸ ಮಾಡುತ್ತಿದೆ ಎನ್ನುವುದರ ಗುರುತು ಎಂದು ನಿಧಾನವಾಗಿ ಬಿಡಿಸಿ ಹೇಳಿದರು. ಅಂಡ ಬಿಡುಗಡೆಯಾಗುವ ಹೊತ್ತಿಗೆ ಹೀಗಾಗುತ್ತದೆ. ಕೆಲವರಿಗೆ ಹೊಟ್ಟೆಯ ಕೆಳಗೆ ಒಂದು ಪಕ್ಕ ಸಣ್ಣಗೆ ಹಿಡಿದಂತಾಗುತ್ತದೆ, ಆಮೇಲೆ ಮೈ ಚೂರೇಚೂರು ಬೆಚ್ಚಗಾಗುತ್ತದೆ. ಮಗು ಬೇಕೆನ್ನುವವರು ಗಂಡನ ಜೊತೆ ಇರಬೇಕಾದ ದಿನಗಳೇ ಅವು. “ನೀವು ಅದೇ ದಿನಗಳನ್ನ ಹುಡುಕಿ ಹುಡುಕಿ ದೂರ ಇದ್ದೀರಲ್ಲಮ್ಮಾ. ಯಾರು ಹೇಳಿದ್ದು ನಿಮಗೆ?”

ಹೇಳಿದ್ದು ಅಕ್ಕನೇ. ತಾಯಿಯಿಲ್ಲದ ತಂಗಿಗೆ ತಾಯಿಯಾಗಿ ನಿಂತವಳು, ಸ್ವಂತ ಔಷಧಿ ಅಂಗಡಿ ನಡೆಸುವವಳು. ಮೂಲವ್ಯಾಧಿಯ ಮುಲಾಮನ್ನು ಬೀದಿಗೆಲ್ಲ ಕೇಳುವಂತೆ ಹೆಸರು ಹಿಡಿದು ಕೂಗಿ ಕೊಡುವ ಗಟ್ಟಿಗಿತ್ತಿ. ಅಂಥವಳ ಬಾಯಿ ಕಟ್ಟಿದ್ದು ಒಂದೇ ಒಂದು ವಿಷಯದಲ್ಲಿ. ಹದಿನೇಳರ ತಂಗಿ ಅಂಗಡಿಗೆ ಬಂದು ಕಿವಿಯಲ್ಲಿ ಇದನ್ನೇ ಕೇಳಿದಾಗ ಎದುರಿಗೆ ನಾಲ್ಕು ಗಂಡಸರು ನಿಂತಿದ್ದರು. ಕೈಗೆ ಸಿಕ್ಕ ವಿಟಮಿನ್ ಗುಳಿಗೆ ಐದನ್ನು ಪೊಟ್ಟಣ ಕಟ್ಟಿ, “ಸೋಂಕು, ಇದನ್ನ ನುಂಗು, ವಾಸಿಯಾಗುತ್ತೆ” ಎಂದು ಸಾಗಹಾಕಿದ್ದಳು. ಮುಂದಿನ ತಿಂಗಳು ತಂಗಿ ಮತ್ತೆ ಬಂದಳು. ನಿಜ ಹೇಳಬೇಕೆಂದರೆ ಆ ಮಾತನ್ನು ಮತ್ತೆ ಎತ್ತಬೇಕಿತ್ತು. ಅದಕ್ಕಿಂತ ಪ್ರತಿ ತಿಂಗಳೂ ಪೊಟ್ಟಣ ಕಟ್ಟುವುದೇ ಸುಲಭವಾಗಿ ಕಂಡಿತು. ಮದುವೆಯ ಹಿಂದಿನ ದಿನ ತಂಗಿ, ಆ ದಿನಗಳಲ್ಲಿ ಗಂಡನ ಜೊತೆ ಇರಬಹುದಾ ಎಂದು ತಡವರಿಸಿ ಕೇಳಿದ್ದಳು. ಅಕ್ಕ ಸೀರೆ ಮಡಚುತ್ತಾ, ತಲೆ ಎತ್ತದೆ, “ಬೇಡ, ಗುಳಿಗೆ ಮುಗಿಯೋವರೆಗೂ ಬೇಡ” ಎಂದುಬಿಟ್ಟಿದ್ದಳು. ಆ ಮಾತನ್ನು ಅವಳು ಆವತ್ತೇ ಮರೆತಳು, ತಂಗಿ ಮರೆಯಲಿಲ್ಲ.

“ಯಾರೂ ಹೇಳಿಲ್ಲ ಡಾಕ್ಟ್ರೇ, ನಾನೇ ಹಾಗೆ ಅಂದ್ಕೊಂಡೆ,” ಎಂದಳು ತಂಗಿ.

ಗುಳಿಗೆ ತೋರಿಸಿ ಎಂದರು ಡಾಕ್ಟರಮ್ಮ. ತಂಗಿ ಚೀಲಕ್ಕೆ ಕೈ ಹಾಕಿದಳು. ಪೊಟ್ಟಣ ಹೊರಬರುವ ಮೊದಲು ಒಳಗೇ ಪರ್ ಎಂದು ಕಾಗದ ಹರಿದ ಸದ್ದು ಅಕ್ಕನಿಗೆ ಕೇಳಿಸಿತು. ಅಂಗಡಿಯ ಮೊಹರಿದ್ದ ಮೂಲೆಯನ್ನು ಹರಿದು ಮುಷ್ಟಿಯಲ್ಲಿ ಅಡಗಿಸಿಕೊಂಡು ಉಳಿದದ್ದನ್ನು ಮೇಜಿನ ಮೇಲಿಟ್ಟಿದ್ದಳು. ಅಕ್ಕನಿಗೆ ಕೂತಲ್ಲೇ ಕುಸಿಯುವಷ್ಟು ನಾಚಿಕೆಯಾಯಿತು. ನಾನೇ ಕೊಟ್ಟದ್ದು ಎನ್ನಲು ಬಾಯಿ ತೆರೆದವಳು ಸೆರಗಿನ ಅಂಚನ್ನು ಸರಿಮಾಡಿಕೊಂಡಳು.

ಡಾಕ್ಟರಮ್ಮ ಪೊಟ್ಟಣ ಬಿಚ್ಚಿ, ಗುಳಿಗೆಯ ಪಟ್ಟಿಯನ್ನು ತಿರುಗಿಸಿ, ಹಿಂಬದಿಯ ಇರುವೆ ಸಾಲಿನಂಥ ಅಕ್ಷರಗಳನ್ನು ಓದಿದರು. ಅಕ್ಕ ಕೊಟ್ಟದ್ದನ್ನು ಓದಿ ನೋಡುವ ಅಭ್ಯಾಸ ತಂಗಿಗೆ ಎಂದೂ ಇರಲಿಲ್ಲ. “ಇದು ಬರೀ ವಿಟಮಿನ್. ಇದರಿಂದ ನಿಮಗೇನೂ ಕೆಟ್ಟದ್ದಾಗಿಲ್ಲ,” ಎಂದರು. ಪಟ್ಟಿಯನ್ನು ಮೇಜಿನ ಮೇಲಿಟ್ಟು, “ಆದ್ರೆ ಇದನ್ನ ಕೊಟ್ಟವರಿಗೆ ನಿಮಗೆ ಕಾಯಿಲೆ ಇಲ್ಲ ಅನ್ನೋದು ಗೊತ್ತಿತ್ತು” ಎಂದು ಸೇರಿಸಿದರು.

ತಂಗಿ ಅಕ್ಕನ ಕಡೆ ತಿರುಗಲಿಲ್ಲ. ಇನ್ನೂ ಕಾಲ ಮಿಂಚಿಲ್ಲ, ಮೂರು ನಾಲ್ಕು ತಿಂಗಳು ನೋಡಿ ಮತ್ತೆ ಬನ್ನಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆಲ್ಲ ತಲೆಯಾಡಿಸಿ ಎದ್ದಳು. ಮೆಟ್ಟಿಲಿಳಿಯುವಾಗ ಅವಳು ಮುಂದೆ, ಅಕ್ಕ ಹಿಂದೆ. ಚಿಕ್ಕಂದಿನಿಂದ ಎಂದೂ ಹಾಗೆ ನಡೆದವರಲ್ಲ.

“ಗೊತ್ತಿತ್ತಾ ಅಕ್ಕಾ?” ಕೊನೆಯ ಮೆಟ್ಟಿಲಲ್ಲಿ ನಿಂತು ಕೇಳಿದಳು.

“ಗೊತ್ತಿತ್ತು.”

“ಮತ್ಯಾಕೆ ಹೇಳಲಿಲ್ಲ?”

“ನಾಚಿಕೆ ಆಯ್ತು ಕಣೇ,” ಎಂದಳು ಅಕ್ಕ. ಮಗುವಿಲ್ಲವೆಂದು ಆರು ವರ್ಷ ಕಂಡಕಂಡವರ ಬಾಯಿಗೆ ಬಿದ್ದ ತಂಗಿಯ ಮುಂದೆ ಆ ಉತ್ತರ ಎಷ್ಟು ಬಡವಾಗಿತ್ತೆಂಬುದು ಅವಳಿಗೇ ಕೇಳಿಸಿತು. ಕಾಲಿಗೆ ಬೀಳಲೂ ಸಿದ್ಧಳಾಗಿದ್ದಳು. ಆದರೆ ತಂಗಿ ಆಗಲೇ ಫೋನ್ ತೆಗೆದು, ಇವತ್ತು ಬೇಕರಿಗೆ ಹೋಗುತ್ತಿಲ್ಲ, ನೀವೂ ಬೇಗ ಮನೆಗೆ ಬನ್ನಿ ಎಂದು ಗಂಡನಿಗೆ ಹೇಳುತ್ತಿದ್ದಳು.

ಮಾತು ಮುಗಿಸಿ, ಅಕ್ಕನ ಕೈ ಹಿಡಿದು ಬಿಡಿಸಿ, ಬೆವರಿನಲ್ಲಿ ಮುದ್ದೆಯಾದ ಮೊಹರಿನ ಚೂರನ್ನು ಅಂಗೈಯಲ್ಲಿಟ್ಟಳು. “ಮುಂದಿನ ತಿಂಗಳದ್ದು ಕಟ್ಟಿಡಬೇಡ,” ಎಂದು ಹೇಳಿ ರಸ್ತೆ ದಾಟಿದಳು.

ಅದು ಆಗಲೇ ಕಟ್ಟಿಯಾಗಿತ್ತು. ಅಂಗಡಿಯ ಎರಡನೇ ಖಾನೆಯಲ್ಲಿ, ಎಲ್ಲ ಪೊಟ್ಟಣಗಳಿಗಿಂತ ಮೇಲೆ ಕೂತಿತ್ತು. ಅದರ ಮೇಲೆ ಅಕ್ಕ ತನ್ನ ಗುಂಡನೆಯ ಅಕ್ಷರದಲ್ಲಿ ಬರೆದಿದ್ದಳು: ತಪ್ಪದೆ ತೆಗೆದುಕೊಳ್ಳುವುದು.