ಚೀಲದೊಳಗಿನ ಚಪ್ಪಲಿ

"ಇದರಲ್ಲೂ ಹೆಂಡ್ತೀನ ಬಿಟ್ಟು ಹೋಗ್ತಾನಲ್ರೀ!" ಟೈಲರಮ್ಮ ಮೂರನೆಯ ಪುಸ್ತಕವನ್ನೂ ಮುಚ್ಚಿ ಅಂಗಡಿಯವನ ಕಡೆ ತಳ್ಳಿದಳು.

"ಬುದ್ಧನ ಬಗ್ಗೆ ಹೊಸದಾಗಿ ಓದೋರಿಗೆ ಇವೇ ಅಮ್ಮಾ. ಅವನು ಮನೆ ಬಿಡದೇ ಇದ್ದಿದ್ರೆ ಬರೆಯೋಕೆ ಏನಿರ್ತಿತ್ತು ಹೇಳಿ?"

ಹೊಸದಾಗಿ ಓದಲು ಹೊರಟವನು ಅವಳ ಗಂಡ, ಬಡಗಿ. ಪೇಪರಿನ ಕೊನೆಯ ಪುಟ ಬಿಟ್ಟರೆ ಬೇರೇನನ್ನೂ ಓದಿದವನಲ್ಲ. ತಮ್ಮ ತೀರಿಕೊಂಡ ಮೇಲೆ ಅವನ ಮಾತೇ ಕಡಿಮೆಯಾಗಿತ್ತು. ಮೊನ್ನೆ ಊಟದ ನಡುವೆ ಇದ್ದಕ್ಕಿದ್ದಂತೆ, "ಬುದ್ಧ ಏನು ಹೇಳ್ದ ಅಂತ ತಿಳ್ಕೋಬೇಕು ಕಣೇ, ಸುಲಭದ್ದೊಂದು ಪುಸ್ತಕ ತಂದ್ಕೊಡು" ಅಂದುಬಿಟ್ಟ. ಇವನೂ ಬುದ್ಧನ ಹಾಗೆ ರಾತ್ರೋರಾತ್ರಿ ಎದ್ದು ಹೊರಟುಬಿಟ್ಟರೆ? ಅಂದಿನಿಂದ ರಾತ್ರಿಯೆಲ್ಲ ಅವನ ಚಪ್ಪಲಿ ಅವಳ ಹಾಸಿಗೆಯಡಿಯಲ್ಲಿ. ಹಗಲು ಅವಳು ಹೊರಗೆ ಹೊರಟರೆ ಅವೂ ಅವಳ ಚೀಲ ಸೇರುತ್ತಿದ್ದವು. ಈಗಲೂ ಅಲ್ಲೇ ಇದ್ದವು.

"ಸಿಕ್ತೇನೇ?" ಎನ್ನುತ್ತಾ ಗಂಡ ಅಂಗಡಿಯ ಮೆಟ್ಟಿಲು ಹತ್ತಿದ. ಕಾಲಲ್ಲಿ ಅವಳ ಹಳೆಯ ಹೂವಿನ ಚಪ್ಪಲಿ, ಹಿಮ್ಮಡಿ ಅರ್ಧ ಹೊರಗೆ. "ನಂದು ಎಲ್ಲಿ ಹೋಯ್ತೋ, ಹಾಳಾದ್ದು! ನೀನು ಸಣ್ಣ ಅಕ್ಷರದ್ದು ತಗೊಂಡುಬಿಡ್ತೀಯಾ ಅಂತ ಓಡಿಬಂದೆ. ನಿನ್ನ ಕಣ್ಣಿಗೆ ಕಾಣೋದೇ ತಗೋ ಮಾರಾಯ್ತಿ. ಒಬ್ನೇ ಓದಿದ್ರೆ ನಂಗೆ ತಲೆಗೆ ಹತ್ತಲ್ಲ, ನೀನೇ ಓದಿ ಹೇಳ್ಬೇಕು. ದಿನಾ ಒಂದು ಪುಟ ಆದ್ರೂ ಸಾಕು."

ಟೈಲರಮ್ಮ ಆ ಹಿಮ್ಮಡಿಯನ್ನೇ ನೋಡಿದಳು. ಆಮೇಲೆ ಚೀಲದಿಂದ ಚಪ್ಪಲಿ ತೆಗೆದು ಅವನ ಕಾಲ ಬಳಿ ಇಟ್ಟು, ಅಂಗಡಿಯವನ ಕಡೆ ತಿರುಗಿದಳು.

"ಇರೋದ್ರಲ್ಲಿ ದಪ್ಪಗಿರೋದನ್ನೇ ಕೊಡಿ."