ಎಫ್ ಒನ್ ಗುಂಡಿ

ರತ್ನಾಬಾಯಿ ಎಫ್ ಒನ್ ಗುಂಡಿ ಒತ್ತಿದಳು. ಕಂಪ್ಯೂಟರ್ ಕದಲಲಿಲ್ಲ. ಬೆರಳು ಬದಲಿಸಿ ಒತ್ತಿದಳು, ಹೆಬ್ಬೆರಳಿನಿಂದ ಒತ್ತಿದಳು, ಕೊನೆಗೆ ರೊಟ್ಟಿ ಬಡಿಯುವ ಅಂಗೈಯಿಂದಲೇ ಒಂದು ಕೊಟ್ಟಳು. ಸೇಡಂ ಬಸ್ ಸ್ಟ್ಯಾಂಡಿನಲ್ಲಿ ನಿದ್ದೆ ಹೋದವರು ಎದ್ದು ಕೂರಬೇಕು, ಅಂಥ ಏಟು. ಕಪ್ಪು ಪರದೆಯ ಮೇಲಿನ ಎರಡು ಸಾಲು ಬಿಳಿ ಇಂಗ್ಲಿಷ್ ಮಾತ್ರ ಹಾಗೇ ನಿಂತಿತ್ತು. ಅದರ ತುದಿಯಲ್ಲೊಂದು ಸಣ್ಣ ಗೀಟು ಮಿಟುಕುತ್ತಿತ್ತು.

ಆ ಸಾಲುಗಳನ್ನು ಅವಳು ಓದಲಾರಳು, ಆದರೆ ಅರ್ಥ ಗೊತ್ತಿತ್ತು. ತಹಶೀಲ್ ಕಚೇರಿಯ ಎದುರು ಅರ್ಜಿ ಟೈಪ್ ಮಾಡಿ ಅರ್ಧ ತಾಲೂಕಿನ ಪಹಣಿ ತಿದ್ದಿಸಿದ ಅವಳ ಗಂಡ ರೇವಣಪ್ಪ, ಹಾಸಿಗೆ ಹಿಡಿದ ಮೇಲೆ ಮಲಗಿದಲ್ಲಿಂದಲೇ ಕಲಿಸಿದ್ದ. ಬೆಳಿಗ್ಗೆ ಅವನಿಗೆ ಕಂಪ್ಯೂಟರಿನಲ್ಲಿ ವಚನ ಕೇಳಬೇಕು, ಹಚ್ಚಲು ಇವಳೇ ಬೇಕು. 'ಅದು ಮುಂದ ಹೋಗ್ಲಾ ಅಂತ ಕೇಳ್ತದ. ನೀ ಎಫ್ ಒನ್ ಒತ್ತಿದ್ರ ಹೋಗು ಅಂದಂಗ. ನೀ ಹೇಳೋತನಕ ಜಾಗಾ ಬಿಟ್ಟು ಅಲ್ಲಾಡಂಗಿಲ್ಲ' ಎಂದಿದ್ದ.

ರೇವಣಪ್ಪ ಹೋಗಿ ಹನ್ನೊಂದು ತಿಂಗಳಾಯಿತು. ಈಗಲೂ ದಿನಾ ಪೂಜೆ ಮುಗಿಸಿ, ವಿಭೂತಿ ಕೈಯಲ್ಲೇ ಬಂದು ಸ್ವಿಚ್ ಹಾಕುತ್ತಾಳೆ. ಅದು ಕೇಳುತ್ತದೆ, ಇವಳು ಹೋಗು ಅನ್ನುತ್ತಾಳೆ. ಪರದೆ ತುಂಬ ಹಸಿರು ಗುಡ್ಡ, ನೀಲಿ ಆಕಾಶದ ಚಿತ್ರ ಬರುತ್ತದೆ. ಚಹಾ ಮುಗಿಯುವ ತನಕ ಅದನ್ನು ನೋಡಿ ಬಂದ್ ಮಾಡುತ್ತಾಳೆ. ಇಡೀ ದಿನದಲ್ಲಿ ಅವಳನ್ನು ಒಂದು ಮಾತು ಕೇಳುವುದು ಅದೊಂದೇ. ಹಾಲಿನವನು ಪಾಕೀಟನ್ನು ಬಾಗಿಲ ಕೊಂಡಿಗೆ ಸಿಗಿಸಿ ಹೋಗಿಬಿಡುತ್ತಾನೆ. ರೇಷನ್ ಅಂಗಡಿಯವನಿಗೆ ಅವಳ ಹೆಬ್ಬೆರಳು ಸಾಕು, ಬಾಯಿ ಬೇಕಿಲ್ಲ.

ಗುಲಾಮ್ ರಸೂಲನಿಗೆ ಫೋನ್ ಹಚ್ಚಿದಳು. ರೇವಣಪ್ಪನ ಟೇಬಲ್ಲಿನ ಪಕ್ಕದಲ್ಲೇ ಇಪ್ಪತ್ತು ವರ್ಷ ರಿಪೇರಿಯ ಡಬ್ಬಾ ಅಂಗಡಿ ಇಟ್ಟವನು ಅವನು. ಮಷೀನು ಸತ್ತೇ ಹೋಯಿತು, ಹೊಗೆ ಚಿಂಚೋಳಿ ಅಡವಿಯ ತನಕ ಕಾಣುತ್ತಿದೆ, ನೀನು ಬರುವುದರೊಳಗೆ ನಾನೂ ಹೋಗಿರುತ್ತೇನೆ ಎಂದೆಲ್ಲ ಹೇಳಿದಳು. ರಸೂಲ ಅರ್ಧ ತಾಸಿನಲ್ಲಿ ಬಂದ. ಇಲ್ಲದ ಹೊಗೆಯನ್ನೂ ನೋಡಿದ, ಅವಳನ್ನೂ ನೋಡಿದ, ಕೀಬೋರ್ಡನ್ನು ತೊಡೆಯ ಮೇಲಿಟ್ಟುಕೊಂಡು ಎಫ್ ಒನ್ ಗುಂಡಿಯನ್ನು ಕಿತ್ತ. ಕೆಳಗೆ ವಿಭೂತಿ ಗಟ್ಟಿಯಾಗಿ ಕೂತಿತ್ತು.

"ವೈನಿ, ಇದು ಕೀಬೋರ್ಡೋ ಗದ್ದುಗೀನೋ? ಈ ಒಂದು ಗುಂಡಿಗೇ ಯಾಕ್ರಿ ಇಷ್ಟು ಭಕ್ತಿ?"

"ಉಳಿದವು ನನಗ ಗುರ್ತಿಲ್ಲಪ್ಪ."

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಅವನು ವಿಭೂತಿಯನ್ನು ಕಾಗದಕ್ಕೆ ಉದುರಿಸಿ, ಮಡಚಿ, ಕಾಲಿಗೆ ಸಿಗದಂತೆ ಗೋಡೆಯ ಗೂಡಿನಲ್ಲಿಟ್ಟ. ಗುಂಡಿ ಮತ್ತೆ ಹೂವಿನಂತೆ ಒತ್ತಿಸಿಕೊಂಡಿತು, ಹಸಿರು ಗುಡ್ಡ ಬಂತು. ರತ್ನಾಬಾಯಿಗೆ ಹೋದ ಜೀವ ಬಂದಂತಾಯಿತು. ಅವನು ಅಲ್ಲಿಗೇ ಎದ್ದಿದ್ದರೆ ಎಲ್ಲ ಸರಿ ಇರುತ್ತಿತ್ತು. ಆದರೆ ಪರದೆಯ ಮೂಲೆಯಲ್ಲಿ ತಾರೀಖು ಎರಡು ಸಾವಿರದ ಎರಡನೇ ಇಸವಿ ತೋರಿಸುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಒಳಗಿನ ಸೆಲ್ ಸತ್ತಿದೆ, ಅದಕ್ಕೇ ಇದು ರಾತ್ರಿ ಕಳೆದರೆ ಎಲ್ಲ ಮರೆತು ಬೆಳಿಗ್ಗೆ ನಿಂತುಬಿಡುತ್ತದೆ, ದೋಸ್ತ ಇದ್ದಾಗಲೇ ಹಾಕಬೇಕಿತ್ತು ಎಂದು ತನ್ನಷ್ಟಕ್ಕೇ ಬೈದುಕೊಂಡ. ಅವಳು ಬೇಡ ಅನ್ನುವಷ್ಟರಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ರೂಪಾಯಿಯಂಥ ಹೊಸ ಸೆಲ್ ಕೂರಿಸಿ, ತಾರೀಖು ತಿದ್ದಿದ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದ.

ರತ್ನಾಬಾಯಿ ಬೆರಳು ಎತ್ತಿಕೊಂಡು ನಿಂತಿದ್ದಳು. ಕಪ್ಪು ಪರದೆಯ ಮೇಲೆ ಅಕ್ಷರಗಳು ಸರಸರ ಓಡಿದವು. ಎಲ್ಲೂ ನಿಲ್ಲಲಿಲ್ಲ. ನೆರೆಮನೆಯ ಮೇಕೆ ಕರೆಯದೆ ಒಳಗೆ ನುಗ್ಗಿದ ಹಾಗೆ ಹಸಿರು ಗುಡ್ಡ ತಾನಾಗಿ ಬಂದು ನಿಂತಿತು.

"ಇದು ಕೇಳಲೇ ಇಲ್ಲಲ್ಲ, ರಸೂಲಾ."

"ಇನ್ನ ಕೇಳಂಗಿಲ್ರಿ. ಐದು ವರ್ಷ ಚಿಂತಿ ಬಿಡ್ರಿ. ಇನ್ನ ಇದಕ್ಕ ನೀವು ಬೇಕಾಗಂಗಿಲ್ಲ, ವೈನಿ."

ಎತ್ತಿದ ಬೆರಳನ್ನು ಏನು ಮಾಡುವುದೆಂದು ತಿಳಿಯದೆ ಅವಳು ಸೆರಗಿಗೆ ಒರೆಸಿಕೊಂಡಳು.

"ಆ ಸೆಲ್ ತೆಗಿ."

ರೊಕ್ಕದ ಚಿಂತೆ ಎಂದುಕೊಂಡು ಅವನು, ದೋಸ್ತನ ಮನೆಯಲ್ಲಿ ರೊಕ್ಕ ಮುಟ್ಟುತ್ತೇನಾ ಎಂದ. ಅವಳು ತಲೆ ಅಲ್ಲಾಡಿಸಿದಳು. ಸಣ್ಣ ಕೂಸಿಗೆ ಹೇಳುವಂತೆ ಅವನು ಮೊದಲಿಂದ ತಿಳಿಸಿದ: ತೆಗೆದರೆ ಮತ್ತೆ ಅದೇ ಪಾಡು, ತಾರೀಖು ಮರೆಯುತ್ತದೆ, ದಿನಾ ಅಡ್ಡ ನಿಲ್ಲುತ್ತದೆ.

"ನೀವು ಬಂದು ಒತ್ತೋತನಕ ಹಂಗೇ ನಿಂದರ್ತದ್ರಿ. ತಾಸಾಗ್ಲಿ, ದಿನಾ ಆಗ್ಲಿ."

"ಅದಕ್ಕೇ ಹೇಳ್ಲಿಕತ್ತೀನಿ. ತೆಗಿ."

ರಸೂಲ ಅವಳ ಮುಖ ನೋಡಿದ. ಸ್ಕ್ರೂ ಬಿಚ್ಚಿ ಸೆಲ್ ತೆಗೆದು ಜೇಬಿಗೆ ಹಾಕಿಕೊಂಡ, ಸ್ವಿಚ್ ಒತ್ತಿದ. ಎರಡು ಸಾಲು ಬಿಳಿ ಇಂಗ್ಲಿಷ್ ಬಂದು ನಿಂತಿತು. ರೂಢಿಯಿಂದ ಅವನ ಬೆರಳು ಎಫ್ ಒನ್ ಕಡೆಗೆ ಹೋಯಿತು. ರತ್ನಾಬಾಯಿ ಪಟ್ಟನೆ ಮಣಿಕಟ್ಟಿಗೆ ಹೊಡೆದಳು.

"ಅದು ನಿನ್ನ ಕೇಳಿಲ್ಲ. ಕುಂದ್ರು, ಚಹಾ ಮಾಡ್ಕೊಂಡ್ ಬರ್ತೀನಿ."

ರಸೂಲ ಕೈ ಕಟ್ಟಿಕೊಂಡು ರೇವಣಪ್ಪನ ಕುರ್ಚಿಯಲ್ಲಿ ಕುಳಿತ. ಅವನ ಎದುರು ಗೀಟು ಅವಳಿಗಾಗಿ ಕಾಯುತ್ತ ಮಿಟುಕುತ್ತಿತ್ತು. ಒಳಗೆ ರತ್ನಾಬಾಯಿ, ಎಂದೂ ಇಲ್ಲದಷ್ಟು ನಿಧಾನವಾಗಿ ಚಹಾಕ್ಕಿಟ್ಟು, ಒಲೆಯ ಉರಿ ಇನ್ನಷ್ಟು ಸಣ್ಣ ಮಾಡಿದಳು.