ಸದ್ದಿಲ್ಲದ ಫ್ಲಾಸ್ಕು

ಪ್ರಯೋಗಾಲಯದ ಮೇಜಿನ ಮೇಲೆ ಜೀವಕೋಶ ಬೆಳೆಸುವ ಎರಡು ಫ್ಲಾಸ್ಕುಗಳಿದ್ದವು. ಸಂಶೋಧಕಿ ಎಡಗಡೆಯ ಫ್ಲಾಸ್ಕಿನ ಮೇಲೆ ಬ್ಲೀಚ್ ಬಾಟಲಿ ವಾಲಿಸಿದ್ದಳು.

“ಸುರಿಯಮ್ಮ, ಸುರಿ!” ಪ್ರೊಫೆಸರ್ ರೇಗಿದರು. “ಪ್ರಯೋಗಕ್ಕೆ ನಾವು ಬ್ಯಾಕ್ಟೀರಿಯಾ ಹಾಕೋಕೆ ಮುಂಚೇನೇ ಈ ಜೀವಕೋಶಗಳು ಊದ್ಕೊಂಡು ಒಡೆದು ಸಾಯ್ತಿವೆ. ಇವುಗಳ ಜೊತೆ ಏಗಿ ಏಗಿ ಸಾಕಾಯ್ತು! ಬಲಗಡೆಯವನ್ನ ನೋಡು, ಎಷ್ಟು ತಣ್ಣಗೆ ಬೆಳೀತಿವೆ.”

ಅವಳ ಕೈ ಅಲ್ಲೇ ನಿಂತಿತು. “ತಣ್ಣಗಿರದೆ ಏನ್ಮಾಡ್ತಾವೆ ಸರ್? ಒಳಗೆ ನುಗ್ಗಿದ ಬ್ಯಾಕ್ಟೀರಿಯಾನ ಗುರುತಿಸಿ ಜೀವಕೋಶ ತಾನೇ ಒಡೆದು ಸಾಯೋ ಹಾಗೆ ಮಾಡೋ ಪ್ರೋಟೀನನ್ನ ಅವುಗಳಿಂದ ನಾವೇ ಕಿತ್ತುಹಾಕಿದೀವಲ್ಲ.”

“ಅಯ್ಯೋ, ಬ್ಯಾಕ್ಟೀರಿಯಾ ಎಲ್ಲಿದೆ? ದ್ರವ ಕನ್ನಡಿ ಹಾಗೆ ತಿಳಿಯಾಗಿದೆ!”

“ಹೊರಗಿನ ದ್ರವದಲ್ಲಿ ಹೇಗೆ ಉಳಿಯುತ್ತೆ? ಕೆಡಬಾರದು ಅಂತ ದಿನಾ ಆ್ಯಂಟಿಬಯಾಟಿಕ್ ಸುರೀತೀವಿ. ಅದು ಜೀವಕೋಶದ ಒಳಗೆ ಹೋಗಲ್ಲ.”

ಪ್ರೊಫೆಸರರ ಇಡೀ ಪ್ರಬಂಧ ನಿಂತಿದ್ದೇ ಬಲಗಡೆಯ ಫ್ಲಾಸ್ಕಿನ ಮೇಲೆ. ಅದರಿಂದಲೇ ಅವಳು ಒಂದು ಹನಿ ತೆಗೆದು, ಜೀವಕೋಶಗಳನ್ನು ಒಡೆದು, ಸೂಕ್ಷ್ಮದರ್ಶಕದ ಕೆಳಗಿಟ್ಟಳು. ಅವರು ಗೊಣಗುತ್ತಲೇ ಬಗ್ಗಿದರು. ಸಣ್ಣ ಕಡ್ಡಿಗಳಂಥ ಬ್ಯಾಕ್ಟೀರಿಯಾ ಗಿಜಿಗುಡುತ್ತಿದ್ದವು.

“ಎಡಗಡೆಯವು ಮನೆಗೆ ಕಳ್ಳ ನುಗ್ಗಿದಾನೆ ಅಂತ ಬಾಯಿ ಬಡ್ಕೊಂಡೇ ಸತ್ವು ಸರ್. ನಾವು ಅವನ್ನೇ ಬೈತಾ ಕೂತ್ವಿ.”

ಪ್ರೊಫೆಸರ್ ಕಣ್ಣೆತ್ತಲಿಲ್ಲ, ಕೈ ಮಾತ್ರ ಚಾಚಿದರು. “ಆ ಬ್ಲೀಚ್ ಕೊಡಿಲ್ಲಿ.”

ಬಲಗಡೆಯ ಫ್ಲಾಸ್ಕಿಗೆ ಅವರೇ ಸುರಿದರು.